ಕುರ್ಕಿಸಾಲ್ಮಿಯ ಕೆಂಪು ಚೌಕಗಳು

ಇಡೀ ಸಭಾಂಗಣ ಗೊಳ್ಳೆಂದು ನಕ್ಕಾಗ ಎಸ್ಕೊ ಕೂಡ ನಕ್ಕ. ನಗದೆ ಇನ್ನೇನು ಮಾಡಬೇಕಿತ್ತು? ಎದ್ದು ಹೋಗಿದ್ದರೆ ಮುದುಕನಿಗೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ಮುಖ ಗಂಟಿಕ್ಕಿಕೊಂಡು ಕೂತಿದ್ದರೆ ತಮಾಷೆ ತಿಳಿಯದ ಗೂಬೆ ಅನ್ನುತ್ತಿದ್ದರು. ಆದ್ದರಿಂದ ಪಕ್ಕದವರಿಗಿಂತ ಒಂದು ಚೂರು ಜೋರಾಗಿಯೇ ನಕ್ಕು, ಚಪ್ಪಾಳೆಯನ್ನೂ ತಟ್ಟಿದ.

ವೇದಿಕೆಯ ಮೇಲೆ ಮೊದಲ ಬಹುಮಾನದ ಗಾಜಿನ ಫಲಕ ಹಿಡಿದು ನಿಂತಿದ್ದವನು ವಿಲ್ಲೆ ಹಾಪಾಲ. ಒಂದು ಕಾಲಕ್ಕೆ ಎಸ್ಕೊನ ವಿದ್ಯಾರ್ಥಿ. ಹೆಪ್ಪುಗಟ್ಟಿದ ಸರೋವರಗಳ ಮೇಲೆ ಎಸ್ಕೊನ ಹಿಂದೆ ಅಳತೆ ಪಟ್ಟಿ ಹಿಡಿದು ಓಡಾಡಿದ ಹುಡುಗ, ಈಗ ಸ್ವಂತ ಕಂಪನಿಯ ಯಜಮಾನ. ಮೈಕು ಕೈಗೆ ಸಿಕ್ಕಿದರೆ ಬಿಡುವ ಜಾಯಮಾನವಲ್ಲ ಅವನದು.

"ನಮ್ಮ ಎಸ್ಕೊ ಮೇಷ್ಟ್ರು ಜೀವಮಾನ ಪೂರ್ತಿ ಸರೋವರದಲ್ಲಿ ತೂತು ಕೊರ್ಕೊಂಡೇ ಕಳೆದ್ರು. ಪಾಪ, ಕಾಲಿನ ಎರಡು ಬೆರಳನ್ನೂ ಚಳಿಗೆ ಕೊಟ್ರು. ಮೇಷ್ಟ್ರೇ, ಸಾಕಿನ್ನು! ಒಳಗೆ ಬನ್ನಿ, ಬಿಸಿ ಕಾಫಿ ಕುಡೀರಿ. ಆ ಡ್ರಿಲ್ಲನ್ನ ಮ್ಯೂಸಿಯಂಗೆ ಕೊಟ್ಬಿಡಿ!"

ಆಗ ಬಂದದ್ದು ಆ ನಗು.

ಎಸ್ಕೊ ಕೆಲಸ ಮಾಡುತ್ತಿದ್ದದ್ದು ಫಿನ್‌ಲ್ಯಾಂಡಿನ ಸರೋವರಗಳ ಮಂಜುಗಡ್ಡೆಯನ್ನು ಅಭ್ಯಾಸ ಮಾಡುವ ಸಂಸ್ಥೆಯಲ್ಲಿ. ಉಪಗ್ರಹದ ರೇಡಾರು ಮೇಲಿನಿಂದ ಹಾಯುವಾಗ ಅದರ ಅಲೆ ಹಿಮವನ್ನು ತೂರಿ ಕೆಳಗಿನ ಗಡ್ಡೆಗೆ ಬಡಿದು ಮರಳುತ್ತದೆ. ಹಾಗೆ ಮರಳಿದ್ದನ್ನು ನೋಡಿ ಗಡ್ಡೆ ಎಷ್ಟು ದಪ್ಪವಿದೆ ಎಂದು ಹೇಳುವ ಸೂತ್ರ ಎಸ್ಕೊನದು. ಅದು ಕುರ್ಚಿಯ ಮೇಲೆ ಕೂತು ಹುಟ್ಟಿದ ಸೂತ್ರವಲ್ಲ. ಉಪಗ್ರಹ ಹಾಯುವ ಹೊತ್ತಿಗೆ ಸರಿಯಾಗಿ ಸರೋವರದ ನಡುವೆ ನಿಂತು, ಕೊರೆದು, ಅಳೆದು, ಮತ್ತೆ ಕೊರೆದು ಹುಟ್ಟಿದ್ದು. ಹೆಂಡತಿ ಬಿಟ್ಟುಹೋದದ್ದೂ ಅಂಥದೊಂದು ಚಳಿಗಾಲದಲ್ಲೇ. ಅವಳು ಹೋದದ್ದು ಅವನಿಗೆ ಗೊತ್ತಾದದ್ದು ಮಂಜುಗಡ್ಡೆ ಕರಗಿ ಮನೆಗೆ ಬಂದ ಮೇಲೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು.

ಅಂಥ ಸೂತ್ರವನ್ನು ಸಂಸ್ಥೆಯ ನಿರ್ದೇಶಕಿ ಮಾರ್ಯಾ ಬೀದಿಗೆ ತಂದಿಟ್ಟಳು. ಎಸ್ಕೊನ ಮನಸ್ಸಿನಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಮಾರ್ಯಾಳ ಬಾಯಲ್ಲಿ ಅದರ ಹೆಸರು ಮುಕ್ತ ಸ್ಪರ್ಧೆ. ಉಪಗ್ರಹದ ಅಂಕಿಗಳು, ಎಸ್ಕೊನ ಸೂತ್ರ, ದಿನಾ ಸಂಜೆ ಹೊರಬೀಳುವ ಗಡ್ಡೆಯ ನಕ್ಷೆ, ಎಲ್ಲವೂ ಯಾರು ಬೇಕಾದರೂ ತೆಗೆದುಕೊಳ್ಳಲಿ, ಹೊಸ ಉಪಯೋಗ ಹುಡುಕಲಿ ಎಂಬ ಕರೆ.

"ನಮ್ಮ ತಲೇಲಿ ಹೊಳೀದೇ ಇರೋದು ಯಾರೋ ಗೊತ್ತಿಲ್ಲದವರ ತಲೇಲಿ ಹೊಳೆಯುತ್ತೆ ಎಸ್ಕೊ," ಎಂದಿದ್ದಳು ಮಾರ್ಯಾ. "ಇದು ತೆರಿಗೆ ಕಟ್ಟಿದ ಜನರದ್ದು ಕಣೋ. ಬೀರುವಿನಲ್ಲಿಟ್ಟು ಪೂಜೆ ಮಾಡೋಕೆ ಆಗುತ್ತಾ?"

ಜನ ಮುಗಿಬಿದ್ದರು. ಗಡ್ಡೆಯ ಕೆಳಗೆ ಬಲೆ ಎಲ್ಲಿ ಹಾಕಬೇಕೆಂದು ಹೇಳುವ ಉಪಾಯ ಒಬ್ಬರದು, ತೋಳ ಯಾವ ದಾರಿ ಹಿಡಿದು ದ್ವೀಪಕ್ಕೆ ಬರುತ್ತದೆಂದು ಹೇಳುವುದು ಇನ್ನೊಬ್ಬರದು. ತೀರ್ಪುಗಾರರ ಸಮಿತಿಗೆ ಎಸ್ಕೊನೇ ಅಧ್ಯಕ್ಷ. ಬಂದದ್ದರಲ್ಲಿ ನಿಜಕ್ಕೂ ಚೆನ್ನಾಗಿದ್ದದ್ದು ವಿಲ್ಲೆಯ ಆ್ಯಪ್. ಹಿಮದ ಸ್ಕೂಟರಿನಲ್ಲಿ ಸರೋವರ ದಾಟುವವರಿಗೆ ಎಲ್ಲಿ ಗಡ್ಡೆ ಗಟ್ಟಿ, ಯಾವುದು ಹತ್ತಿರದ ದಾರಿ ಎಂದು ಫೋನಿನಲ್ಲೇ ಗೆರೆ ಎಳೆದು ತೋರಿಸುತ್ತಿತ್ತು. ಒಳಗಿನ ಹೂರಣ ಎಸ್ಕೊನದು, ಮೇಲಿನ ಕಣಕವಷ್ಟೇ ವಿಲ್ಲೆಯದು. ಆದರೂ ಪತ್ರಿಕೆಗಳು 'ಹಾಪಾಲ ಪದ್ಧತಿ' ಎಂದು ಬರೆದವು, ವಿಲ್ಲೆ ಅಲ್ಲವೆನ್ನಲಿಲ್ಲ. ಅವನಿಗೆ ಮೊದಲ ಬಹುಮಾನ ಎಂದು ಸಹಿ ಹಾಕಿದವನು ಎಸ್ಕೊ. ಆ ಸಹಿ ಅವನಿಗೆ ನುಂಗಲಾರದ ತುತ್ತಾಗಿತ್ತು.

ಬಹುಮಾನದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವಳು ವಿಲ್ಲೆಯ ಹೆಂಡತಿ ಕೈಸಾ, ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಿತಭಾಷಿ ಹೆಂಗಸು. ಆ ಸಭೆಯಲ್ಲಿ ನಗದೇ ಇದ್ದವಳು ಅವಳೊಬ್ಬಳೇ. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ," ಎಂದು ಮಡಿಲಿನ ಹೆಣಿಗೆಯಿಂದ ಕಣ್ಣೆತ್ತದೆ ಸಣ್ಣ ದನಿಯಲ್ಲಿ ಅಂದಿದ್ದಳು. "ಅವನ ಬಾಯಿಗೆ ಬೀಗ ಇಲ್ಲ. ಮನೇಲಿ ನಿಮ್ಮ ಬಗ್ಗೆ ಎಷ್ಟು ಒಳ್ಳೇದು ಮಾತಾಡ್ತಾನೆ ಗೊತ್ತಾ?" ಎಸ್ಕೊ ತಲೆಯಾಡಿಸಿ ಆಲೂಗಡ್ಡೆಗೆ ಫೋರ್ಕು ಚುಚ್ಚಿದ. ಮನೆಯಲ್ಲಿ ಹೊಗಳಿ ಊರ ಮುಂದೆ ಮಾನ ಕಳೆಯುವವನನ್ನು ಏನನ್ನಬೇಕು?

ಇಷ್ಟಾದರೂ ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದನೇನೋ. ಆದರೆ ಮುಂದಿನ ವಾರ ಆಫೀಸಿಗೆ ಬಂದರೆ ಹಜಾರದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಅವನ ಡ್ರಿಲ್ಲು! ಮಾರ್ಯಾ ಅಕ್ಕರೆಯಿಂದಲೇ ಮಾಡಿಸಿದ್ದಳು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ಅವನ ಹೆಸರಿತ್ತು. ಸತ್ತವರ ಹೆಸರು ಬರೆದಂತೆ ಕಂಡಿತು ಅವನ ಕಣ್ಣಿಗೆ. ಈ ಚಳಿಗಾಲದಿಂದ ಕೊರೆಯುವ ಕೆಲಸ ನಿಲ್ಲಿಸಿದ್ದೇವೆ, ನಿವೃತ್ತಿಯವರೆಗೆ ನಕ್ಷೆಯ ಉಸ್ತುವಾರಿ ನೋಡಿಕೊಂಡಿದ್ದರೆ ಸಾಕು ಎಂದಳು. ದಿನಾ ಬೆಳಿಗ್ಗೆ ಆ ಪೆಟ್ಟಿಗೆಯ ಮುಂದೆಯೇ ಹಾದು ಹೋಗಬೇಕಿತ್ತು.

ಆ ಉಸ್ತುವಾರಿಯೇ ಅವನ ಕೈಗೆ ಆಯುಧ ಕೊಟ್ಟಿತು.

ಸ್ಪರ್ಧೆಯ ನಿಯಮದಂತೆ ಗೆದ್ದವರೂ ತಮ್ಮ ಕೆಲಸವನ್ನು ಮುಚ್ಚಿಡುವಂತಿರಲಿಲ್ಲ. ವಿಲ್ಲೆಯ ಆ್ಯಪಿನ ಒಳಗುಟ್ಟು ಪೂರ್ತಿ ಬಯಲಲ್ಲಿತ್ತು, ಓದಲು ಬಂದವರಿಗೆಲ್ಲ. ಎಸ್ಕೊ ಓದಿದ. ತಪ್ಪು ಹುಡುಕಬೇಕೆಂದು ಓದಲು ಕೂತವನಿಗೆ ಸಿಕ್ಕಿದ್ದು ತಪ್ಪಿಗಿಂತ ಒಳ್ಳೆಯದೊಂದು. ಆ್ಯಪ್ ಸ್ವತಃ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಸಂಜೆ ಸಂಸ್ಥೆಯ ಪುಟದಿಂದ ನಕ್ಷೆಯನ್ನು ಇಳಿಸಿಕೊಳ್ಳುತ್ತಿತ್ತು, ದಾರಿಯ ಗೆರೆ ಎಳೆಯುತ್ತಿತ್ತು, ಇಳಿಸಿಕೊಂಡದ್ದನ್ನು ಅಳಿಸಿಬಿಡುತ್ತಿತ್ತು. ಗೆರೆಯಷ್ಟೇ ಉಳಿಯುತ್ತಿತ್ತು. ಮೇಷ್ಟ್ರ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಆ್ಯಪ್! ಊರ ಮುಂದೆ ಮೇಷ್ಟ್ರನ್ನು ಗೇಲಿ ಮಾಡಿದವನು ತನ್ನ ಜೀವವನ್ನು ಮೇಷ್ಟ್ರ ಕೈಯಲ್ಲೇ ಇಟ್ಟಿದ್ದ. ಇದನ್ನು ಓದಿದ ಮಧ್ಯಾಹ್ನ ಎಸ್ಕೊ ಎದ್ದು ಹೋಗಿ ತನಗಾಗಿ ಒಂದು ಏಲಕ್ಕಿ ಬನ್ ಕೊಂಡು ತಂದು ತಿಂದ. ಬಹಳ ದಿನಗಳ ಮೇಲೆ ಬಾಯಿಗೆ ರುಚಿ ಹತ್ತಿತ್ತು.

ನಕ್ಷೆಯೆಂದರೆ ಸರೋವರದ ಮೇಲೆ ಹರಡಿದ ಚೌಕಗಳು. ಗಡ್ಡೆ ಗಟ್ಟಿಯಿದ್ದಲ್ಲಿ ನೀಲಿ, ಪರವಾಗಿಲ್ಲ ಎನ್ನುವಲ್ಲಿ ಹಳದಿ, ಕಾಲಿಟ್ಟರೆ ಹೋದೆ ಎನ್ನುವಲ್ಲಿ ಕೆಂಪು. ರೇಡಾರು ಒಮ್ಮೊಮ್ಮೆ ಮೋಸ ಹೋಗುತ್ತದೆ. ಗಡ್ಡೆಯ ಮೇಲೆ ನೀರು ನಿಂತಿದ್ದರೆ ಇಲ್ಲದ್ದನ್ನು ಇದೆ ಅನ್ನುತ್ತದೆ. ಅಂಥ ಚೌಕಗಳನ್ನು ಕೈಯಿಂದ ತಿದ್ದುವ ಕೀಲಿ ಎಸ್ಕೊನೊಬ್ಬನಿಗೇ ಇತ್ತು. ತಿದ್ದಿದಾಗ ಹೊಸ ಅಂಕಿ ಹಳೆಯದರ ಮೇಲೆ ಕೂರುತ್ತಿತ್ತು, ಹಳೆಯದಾಗಲಿ ತಿದ್ದಿದ ಗುರುತಾಗಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ. ಈ ಕೊರತೆಯನ್ನು ಸರಿಪಡಿಸಬೇಕೆಂದು ಅವನೇ ಹಿಂದೆ ಮಾರ್ಯಾಳಿಗೆ ಹೇಳಿದ್ದ. ಮಾಡೋಣ ಮಾಡೋಣ ಅಂದಿದ್ದಳು. ಪುಣ್ಯಕ್ಕೆ ಮಾಡಿರಲಿಲ್ಲ.

ಇನ್ನು ಜಾಗ. ಉಕ್ಕೊ ಸರೋವರದ ನಡುವೆ ಉದ್ದನೆಯ ದ್ವೀಪವೊಂದಿದೆ. ಆಚೆ ದಡಕ್ಕೆ ಹೋಗುವವರು ದ್ವೀಪವನ್ನು ಬಳಸಿಕೊಂಡು ಸುತ್ತುದಾರಿ ಹಿಡಿಯುತ್ತಾರೆ. ದ್ವೀಪದ ತುದಿಗೂ ದಡಕ್ಕೂ ನಡುವೆ ಇರುವ ಇಕ್ಕಟ್ಟಾದ ನೀರಿಗೆ ಕುರ್ಕಿಸಾಲ್ಮಿ ಎಂದು ಹೆಸರು. ಹತ್ತಿರದ ದಾರಿ ಅದೇ, ಆದರೆ ಅಡಿಯಲ್ಲಿ ಹರಿವು ಜೋರು. ಎಂಥ ಚಳಿಗಾಲದಲ್ಲೂ ಅಲ್ಲಿ ಗಡ್ಡೆ ಕಟ್ಟುವುದು ಹಾಲಿನ ಕೆನೆಯಷ್ಟೇ. ಅದರ ಮೇಲೆ ಹಿಮ ಬಿದ್ದರೆ ಉಳಿದ ಸರೋವರಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಹಳ್ಳಿಯವರು ಅತ್ತ ಸುಳಿಯುವುದಿಲ್ಲ, ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದಿದ್ದಾರೆ. ವಿಲ್ಲೆ ದಕ್ಷಿಣದ ಕರಾವಳಿಯವನು. ಆ ಸರೋವರದ ನಕ್ಷೆ ಇನ್ನೂ ಪ್ರಯೋಗದ ಹಂತದಲ್ಲಿತ್ತು. ಅದನ್ನು ಯಾರು ಯಾರು ತೆರೆಯುತ್ತಾರೆಂದು ಎಸ್ಕೊ ವಾರಗಟ್ಟಲೆ ಕಣ್ಣಿಟ್ಟು ನೋಡಿದ. ಒಂದೇ ಮನೆಯಿಂದ ತೆರೆಯುತ್ತಿದ್ದರು, ಅದು ವಿಲ್ಲೆಯ ಮನೆ. ಬೇರೆ ಒಂದು ನರಪಿಳ್ಳೆಯೂ ಅತ್ತ ಇಣುಕುತ್ತಿರಲಿಲ್ಲ.

ಉಳಿದದ್ದು ವಿಲ್ಲೆಯನ್ನು ಗಡ್ಡೆಯ ಮೇಲೆ ಇಳಿಸುವುದು. ಅದು ಎಲ್ಲಕ್ಕಿಂತ ಸುಲಭವಾಯಿತು. ಫೆಬ್ರವರಿಯಲ್ಲಿ ಮಂತ್ರಿಗಳೂ ಟಿ.ವಿ.ಯವರೂ ಉಕ್ಕೊ ಸರೋವರದ ದಡಕ್ಕೆ ಬಂದು ಗೆದ್ದ ಆ್ಯಪನ್ನು ನೋಡುವ ಕಾರ್ಯಕ್ರಮವಿತ್ತು. ಅದರ ತಯಾರಿಯ ಸಭೆಯಲ್ಲಿ ಎಸ್ಕೊ ಕಾಫಿ ಕದಡುತ್ತ ಸುಮ್ಮನೆ ಒಂದು ಮಾತು ಬಿಟ್ಟ.

"ಹಳ್ಳಿಯವರು ಮೊದಲು ಕೊರೆದು ನೋಡಿ ಗುರುತು ಹಾಕಿದ ದಾರೀಲಿ ಇವನು ಹಿಂದಿಂದ ಸ್ಕೂಟರು ಓಡಿಸಿದ್ರೆ ಮಂತ್ರಿಗಳು ಏನು ನೋಡಿದ ಹಾಗಾಯ್ತು? ಡ್ರಿಲ್ಲನ್ನಂತೂ ಮ್ಯೂಸಿಯಂಗೆ ಕಳಿಸಿಯಾಯ್ತು."

ವಿಲ್ಲೆ ಕಿವಿಯವರೆಗೂ ಕೆಂಪಾದ. "ಡ್ರಿಲ್ಲೂ ಬೇಡ, ಹಳ್ಳಿಯವರೂ ಬೇಡ. ಫೋನ್ ಒಂದು ನೋಡ್ಕೊಂಡು ದಾಟ್ತೀನಿ. ಆಯ್ತಾ ಮೇಷ್ಟ್ರೇ?"

"ಹುಚ್ಚಾಟ ಬೇಡ ವಿಲ್ಲೆ," ಅಂದಳು ಮಾರ್ಯಾ.

"ಹುಚ್ಚಾಟ ಏನು ಬಂತು? ನಂಬಿಕೆ ಇಲ್ದಿದ್ರೆ ಬಹುಮಾನ ಯಾಕೆ ಕೊಟ್ರಿ? ಹಿಂದಿನ ದಿನ ಒಬ್ಬನೇ ಒಂದು ಸಲ ದಾಟಿ ನೋಡ್ತೀನಿ. ಸರಿ ಹೋದ್ರೆ ಮಾರನೇ ದಿನ ಮಂತ್ರಿಗಳ ಮುಂದೆ."

"ಹುಷಾರು ಕಣಪ್ಪಾ," ಅಂದ ಎಸ್ಕೊ. ಹುಷಾರು ಎಂದು ಹೇಳಿದ್ದಕ್ಕೆ ಸಭೆಯಲ್ಲಿ ಇಷ್ಟೂ ಜನ ಸಾಕ್ಷಿ.

ಅಲ್ಲಿಂದ ಮುಂದೆ ಅವನು ಕಾದದ್ದು ಹಿಮಕ್ಕಾಗಿ ಮಾತ್ರ. ಹಿಮ ಬಿತ್ತು, ದಟ್ಟವಾಗಿ, ಗಾಳಿಯಿಲ್ಲದೆ. ಮಂತ್ರಿಗಳು ಬರುವುದು ಶುಕ್ರವಾರ, ವಿಲ್ಲೆ ಒಬ್ಬನೇ ದಾಟಿ ನೋಡುವುದು ಗುರುವಾರ. ಬುಧವಾರ ಸಂಜೆ ನಕ್ಷೆ ಹೊರಬೀಳುವ ಮೊದಲು ಎಸ್ಕೊ ತನ್ನ ಕೋಣೆಯಲ್ಲಿ ಕೂತು ಕುರ್ಕಿಸಾಲ್ಮಿಯ ಕೆಂಪು ಚೌಕಗಳನ್ನು ಒಂದೊಂದಾಗಿ ನೀಲಿ ಮಾಡಿದ. ಒಂದು ಕ್ಷಣ ಕೈಸಾಳ ನೆನಪಾಯಿತು, ಬೇಜಾರು ಮಾಡ್ಕೋಬೇಡಿ ಎಂದಿದ್ದ ಆ ಸಣ್ಣ ದನಿ. ಮನಸ್ಸು ಅಳುಕಿತು. ಸುಳ್ಳೇಕೆ, ಅಳುಕಿತು. ಆಮೇಲೆ ಹಜಾರದ ಗಾಜಿನ ಪೆಟ್ಟಿಗೆ ಕಣ್ಣಮುಂದೆ ಬಂತು. ಅವಳಿಗೇನು, ಇನ್ನೂ ಚಿಕ್ಕ ವಯಸ್ಸು, ಮತ್ತೊಂದು ಮದುವೆಯಾಗುತ್ತಾಳೆ ಎಂದುಕೊಂಡು ನಕ್ಷೆಯನ್ನು ಹೊರಬಿಟ್ಟ. ಸ್ವಲ್ಪ ಹೊತ್ತಿಗೆಲ್ಲ ವಿಲ್ಲೆಯ ಮನೆಯಿಂದ ಅದನ್ನು ತೆರೆದದ್ದು ಕಂಡಿತು. ಎಸ್ಕೊ ದೀಪ ಆರಿಸಿ ಮನೆಗೆ ಹೋಗಿ ಸೌನಾದ ಹಬೆಕೋಣೆ ಕಾಯಿಸಿ ಬೆವರುವಷ್ಟು ಹೊತ್ತು ಒಳಗೆ ಕೂತ.

ಗುರುವಾರ ಬೆಳಿಗ್ಗೆ ಮೊದಲ ಕೆಲಸವೆಂದು ಚೌಕಗಳನ್ನು ಮತ್ತೆ ಕೆಂಪಾಗಿಸಿದ. ಉಪಗ್ರಹದ ಮೂಲ ಸಂಕೇತ ಅದನ್ನು ಹಿಡಿಯುವ ಉತ್ತರದ ಕೇಂದ್ರದಲ್ಲಿ ಯಾರೂ ಮುಟ್ಟದೆ ಹಾಗೇ ಇತ್ತು. ಯಾರಾದರೂ ಅದರಿಂದ ಹೊಸದಾಗಿ ಲೆಕ್ಕ ಹಾಕಿದರೂ ಬರುವುದು ಕೆಂಪೇ. ಈ ಯೋಜನೆಯಲ್ಲಿ ಎಸ್ಕೊನಿಗೆ ತುಂಬ ಹಿಡಿಸಿದ್ದು ಇದೇ ಭಾಗ. ಉಪಗ್ರಹ ಅವನ ಪರ ಸಾಕ್ಷಿ. ಅದು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಉಪಗ್ರಹ ಸರಿ, ನಕ್ಷೆ ಸರಿ ಎಂದಾದರೆ ತಪ್ಪು ಇನ್ನೆಲ್ಲಿ? ಆ್ಯಪಿನಲ್ಲಿ! ಸಾಯುವವನು ಸಾಯುತ್ತಾನೆ, ಅವನ ಹೆಸರೂ ಅವನೊಂದಿಗೇ ಮುಳುಗುತ್ತದೆ. ಫೋನು ನೀರಿನ ತಳ ಸೇರುತ್ತದೆ.

ಗುರುವಾರ ಎಂದಿನಂತೆ ಕ್ಯಾಂಟೀನಿನಲ್ಲಿ ಬಟಾಣಿ ಸೂಪು. ಎಸ್ಕೊ ಎರಡನೇ ಸಲ ಹಾಕಿಸಿಕೊಂಡ, ಮೇಲೆ ಸಾಸಿವೆ ಸವರಿಕೊಂಡ. ಮಾರ್ಯಾ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವನ ತಟ್ಟೆಯಲ್ಲಿ ಜಾಮು ಹಚ್ಚಿದ ಪ್ಯಾನ್‌ಕೇಕ್ ಇತ್ತು.

"ವಿಲ್ಲೆ..." ಅಂದಳು. "ಕುರ್ಕಿಸಾಲ್ಮಿಯಲ್ಲಿ. ಸ್ಕೂಟರು ಸಮೇತ."

"ಅಯ್ಯೋ ದೇವರೇ! ಅಲ್ಲಿಗೆ ಯಾಕೆ ಹೋದ ಅವನು?" ಅಂದ ಎಸ್ಕೊ. ಕೇಳಬೇಕಾದ ಪ್ರಶ್ನೆಯೇ ಅದು.

ಮುಳುಗುಗಾರರು ದೇಹವನ್ನು ಮೇಲೆ ತಂದರು. ವಿಚಾರಣೆ ನಡೆಯಿತು. ಮಂಜುಗಡ್ಡೆಯ ವಿಷಯ ದೇಶದಲ್ಲಿ ಯಾರಿಗೆ ಚೆನ್ನಾಗಿ ಗೊತ್ತು ಎಂದು ಹುಡುಕಿದವರು ನೆಟ್ಟಗೆ ಬಂದು ನಿಂತದ್ದು ಎಸ್ಕೊನ ಬಾಗಿಲಿಗೆ. ತಜ್ಞನೆಂದು ಅವನನ್ನೇ ಕರೆದರು! ಇದು ಮಾತ್ರ ಅವನ ಯೋಜನೆಯಲ್ಲಿರಲಿಲ್ಲ, ಹಬ್ಬದ ದಿನ ಕೇಳದೆ ಬಡಿಸಿದ ಸಿಹಿಯಂತೆ ತಾನಾಗಿ ಬಂತು. ಅವನು ಆತುರ ತೋರಲಿಲ್ಲ. ಉತ್ತರದ ಕೇಂದ್ರದಿಂದ ಮೂಲ ಸಂಕೇತ ತರಿಸಿ ಎಲ್ಲರ ಮುಂದೆ ಲೆಕ್ಕ ಹಾಕಿಸಿದ. ಚೌಕಗಳು ಕೆಂಪು. ಸಂಸ್ಥೆಯ ಪುಟದಲ್ಲೂ ಕೆಂಪು. ಪ್ರತಿಭಾವಂತ ಹುಡುಗ, ಅವಸರಪಟ್ಟ, ತನ್ನ ಆ್ಯಪ್ ನಕ್ಷೆಯನ್ನು ತಪ್ಪಾಗಿ ಓದುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ ಎಂದು ಮೆಲ್ಲಗಿನ ದನಿಯಲ್ಲಿ ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡ.

ಪತ್ರಿಕೆಗಳು ವಿಲ್ಲೆಯನ್ನು ಹರಿದು ಮುಕ್ಕಿದವು. ಸ್ವಂತ ಆ್ಯಪಿಗೆ ಬಲಿಯಾದವನು, ಪ್ರಚಾರದ ಹುಚ್ಚಿನವನು ಎಂದೆಲ್ಲ ಬರೆದವು. ಬಾರುಗಳಲ್ಲಿ ಜೋಕುಗಳು ಹುಟ್ಟಿದವು. ಕಂಪನಿ ಬಾಗಿಲು ಹಾಕಿತು. ಸಂಸ್ಥೆ ಬಹುಮಾನವನ್ನು ಹಿಂತೆಗೆದುಕೊಂಡಿತು. ಮಾರ್ಯಾ ಒಂದು ದಿನ ತಾನೇ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಡ್ರಿಲ್ಲನ್ನು ಎಸ್ಕೊನ ಕೈಗಿಟ್ಟಳು. "ನನ್ನದು ತಪ್ಪಾಯ್ತು ಕಣೋ. ಮುಂದಿನ ಚಳಿಗಾಲದಿಂದ ಮತ್ತೆ ಕೊರೆಯೋಣ," ಎಂದಾಗ ಅವಳ ಕಣ್ಣು ತುಂಬಿತ್ತು. ಎಸ್ಕೊ ಡ್ರಿಲ್ಲನ್ನು ಮನೆಗೆ ಒಯ್ದು, ಬಿಚ್ಚಿ, ಎಣ್ಣೆ ಹಾಕಿದ. ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮೇ ತಿಂಗಳಲ್ಲಿ, ಸರೋವರಗಳೆಲ್ಲ ನೀರಾದ ಮೇಲೆ, ಕೈಸಾ ಫೋನು ಮಾಡಿದಳು. ವರದಿ ಓದಿದೆ, ಅರ್ಥವಾಗಲಿಲ್ಲ, ಒಂದು ಸಲ ಮನೆಗೆ ಬಂದು ತಿಳಿಸಿ ಹೇಳ್ತೀರಾ ಎಂದು ಕೇಳಿದಳು. ಹೋಗದಿರಬಹುದಿತ್ತು. ಆದರೆ ಗೆದ್ದವನಿಗೆ ಔದಾರ್ಯ ತೋರಿಸುವ ಆಸೆ ಇರುತ್ತದಲ್ಲ! ಒಂದು ಕಟ್ಟು ಬಿಳಿ ಹೂ ಹಿಡಿದು ಹೋದ. ಅಡುಗೆಮನೆಯ ಮೇಜಿನ ಮುಂದೆ ಮಾರ್ಯಾ ಆಗಲೇ ಕೂತಿದ್ದಳು, ಅವಳನ್ನೂ ಕೈಸಾ ಕರೆಸಿದ್ದಳು.

ಕೈಸಾ ಸೊರಗಿಹೋಗಿದ್ದಳು. ಕಾಫಿ ಬಗ್ಗಿಸಿದಳು, ಬನ್ನಿನ ತಟ್ಟೆಯನ್ನು ಮುಂದೆ ಸರಿಸಿದಳು.

"ಮಗೂಗೆ ಹೇಳೋ ಹಾಗೆ ಹೇಳಿ ಮೇಷ್ಟ್ರೇ. ಆ ಬುಧವಾರ ಸಂಜೆ ಉಪಗ್ರಹ ಏನು ನೋಡ್ತು?"

ಎಸ್ಕೊ ಫೋನು ತೆಗೆದು ಆ ದಿನದ ಪುಟ ತೆರೆದು ಅವಳ ಮುಂದಿಟ್ಟ. "ಇಲ್ಲಿ ನೋಡಮ್ಮಾ. ಇದು ಕುರ್ಕಿಸಾಲ್ಮಿ. ಎಲ್ಲಾ ಕೆಂಪು. ಉಪಗ್ರಹ ಸರಿಯಾಗೇ ನೋಡಿದೆ, ನಾವೂ ಸರಿಯಾಗೇ ತೋರಿಸಿದೀವಿ."

"ಆ ಸಂಜೆ ಈ ಪುಟ ಹೀಗೇ ಇತ್ತಾ?"

"ಹೀಗೇ ಇತ್ತು."

"ಆಮೇಲೆ ಯಾರಾದ್ರೂ ಬದಲಾಯಿಸಿರಬಹುದಾ? ಯಾವನಾದ್ರೂ ಹೊರಗಿನವನು ನುಗ್ಗಿ?"

ಎಸ್ಕೊನಿಗೆ ಅವಳ ಮೇಲೆ ಮರುಕ ಬಂತು, ನಿಜವಾದ ಮರುಕ. ಗಂಡನ ಹೆಸರು ಉಳಿಸಲು ಕಳ್ಳನೊಬ್ಬನನ್ನು ಹುಡುಕುತ್ತಿದ್ದಾಳೆ, ಪಾಪ. ಆ ಆಸೆಯನ್ನು ಈಗಲೇ ಚಿವುಟಿದರೆ ಅವಳಿಗೂ ಒಳ್ಳೆಯದು, ತನಗೂ ಒಳ್ಳೆಯದು. "ಅದು ಸಾಧ್ಯವೇ ಇಲ್ಲ ಕೈಸಾ. ಚೌಕ ತಿದ್ದೋ ಕೀಲಿ ಇರೋದು ನನ್ನೊಬ್ಬನ ಹತ್ತಿರ. ಅದನ್ನ ಬೇರೆ ಯಾರ ಕೈಗೂ ಕೊಟ್ಟಿಲ್ಲ. ಆ ವಾರ ಉಕ್ಕೊ ಸರೋವರದ ನಕ್ಷೆ ನಾನು ಮುಟ್ಟಿಯೂ ಇಲ್ಲ. ವಿಚಾರಣೇಲೂ ಪ್ರಮಾಣ ಮಾಡಿ ಇದನ್ನೇ ಹೇಳಿದೀನಿ. ಬೇಕಾದ್ರೆ ಮಾರ್ಯಾನ ಕೇಳು."

ಮಾರ್ಯಾ ಹೌದೆಂದು ತಲೆಯಾಡಿಸಿದಳು. ಕೈಸಾ ಎದ್ದು ಒಳಗೆ ಹೋಗಿ ಉಣ್ಣೆಯ ಶಾಲೊಂದನ್ನು ತಂದಳು. ಪೂರ್ತಿಯಾಗದ ಶಾಲು, ಹೆಣಿಗೆಯ ಕಡ್ಡಿಗಳು ಇನ್ನೂ ಅದರಲ್ಲೇ ಸಿಕ್ಕಿಕೊಂಡಿದ್ದವು.

"ನಿಮ್ಮ ಸ್ಪರ್ಧೆಗೆ ಇದನ್ನೂ ಕಳಿಸೋಣ ಅಂದಿದ್ದ ವಿಲ್ಲೆ. ನಾನೇ ಬೇಡ ಅಂದೆ, ಎಲ್ಲರೂ ನಗ್ತಾರೆ ಅಂತ." ಅವಳು ಶಾಲನ್ನು ಮೇಜಿನ ಮೇಲೆ ಹರಡಿದಳು. "ಅವನ ಆ್ಯಪ್ ನೋಡಿ ಹೆಣೆದದ್ದಲ್ಲ ಇದು. ನಿಮ್ಮ ಸಂಸ್ಥೆಯ ಪುಟವನ್ನೇ ದಿನಾ ಸಂಜೆ ತೆಗೆದು, ಕುರ್ಕಿಸಾಲ್ಮಿ ಹಾದು ಆ ದಡದಿಂದ ಈ ದಡಕ್ಕೆ ಚೌಕಕ್ಕೊಂದು ಹೆಣಿಗೆ. ದಿನಕ್ಕೊಂದು ಸಾಲು. ಅಲ್ಲಿ ಯಾವ ಬಣ್ಣವೋ ಇಲ್ಲೂ ಅದೇ ಬಣ್ಣ. ಮಂತ್ರಿಗಳ ಮುಂದೆ ಅವನು ಇದನ್ನ ಹೊದ್ದುಕೊಂಡು ದಾಟಲಿ ಅಂತ ಆಸೆ ಇತ್ತು. ಆ ಗುರುವಾರದಿಂದ ಇದನ್ನ ಮುಟ್ಟೋಕೆ ಆಗಿರಲಿಲ್ಲ ನನಗೆ. ನಿಮ್ಮ ವರದೀಲಿ ಕೆಂಪು ಅಂತ ಓದಿದ ಮೇಲೆ ಹೊರಗೆ ತೆಗೆದೆ. ಆ ಸಂಜೆ ನೋಡಿ ಅವನಿಗೆ ಹೇಳಿದವಳೂ ನಾನೇ ಮೇಷ್ಟ್ರೇ! ಕುರ್ಕಿಸಾಲ್ಮಿ ಕೊನೆಗೂ ಗಟ್ಟಿಯಾಯ್ತು ನೋಡು ಅಂತ ನಾನೇ ಹೇಳಿ ಕಳಿಸಿದೆ."

ಮಾರ್ಯಾ ಕಪ್ಪನ್ನು ಕೆಳಗಿಟ್ಟು, ಶಾಲಿನ ಮೇಲೆ ಬಾಗಿದವಳು ನಿಧಾನವಾಗಿ ತಲೆಯೆತ್ತಿ ಎಸ್ಕೊನ ಮುಖ ನೋಡಿದಳು. ಹೇಳಬೇಕಾದದ್ದನ್ನೆಲ್ಲ ಅವನು ಈಗಷ್ಟೇ ತನ್ನ ಬಾಯಿಂದಲೇ ಹೇಳಿ ಮುಗಿಸಿದ್ದ. ಬಹುಮಾನದ ಊಟದ ಮೇಜಿನಲ್ಲಿ ಪಕ್ಕದಲ್ಲೇ ಕೂತು ಅವಳು ಇದನ್ನೇ ಹೆಣೆಯುತ್ತಿದ್ದಳು, ತಯಾರಿಯ ಸಭೆಗೆ ಗಂಡನೊಂದಿಗೆ ಬಂದಾಗಲೂ ಹೊರಗಿನ ಬೆಂಚಿನ ಮೇಲೆ ಕೂತು ಇದನ್ನೇ. ಅವನ ಕಣ್ಣಿಗೆ ಬಿದ್ದಿತ್ತು, ಆದರೆ ಈ ದೇಶದಲ್ಲಿ ಬಸ್ಸಿನಲ್ಲಿ, ಚರ್ಚಿನಲ್ಲಿ, ಸಭೆಯಲ್ಲಿ ಎಲ್ಲೆಲ್ಲೂ ಹೆಣೆಯುವ ಹೆಂಗಸರ ಮಡಿಲಲ್ಲಿ ಏನಿದೆಯೆಂದು ಯಾರು ಬಗ್ಗಿ ನೋಡುತ್ತಾರೆ? ಶಾಲು ಮೇಜಿನ ತುಂಬ ಹರಡಿಕೊಂಡಿತ್ತು. ಚಳಿಗಾಲದ ಮೊದಲ ಸಾಲಿನಿಂದ ಕೆಳಗಿನವರೆಗೆ ಹಳದಿ, ನೀಲಿಗಳ ನಡುವೆ, ಕುರ್ಕಿಸಾಲ್ಮಿಯ ಜಾಗದಲ್ಲಿ, ಒಂದು ದಿನವೂ ತಪ್ಪದೆ ಕೆಂಪು ಉಣ್ಣೆಯ ಪಟ್ಟಿ ನೇರವಾಗಿ ಇಳಿದು ಬಂದಿತ್ತು. ಕಡ್ಡಿಗೆ ತಾಗಿಕೊಂಡಿದ್ದ ಕೊನೆಯ ಸಾಲಿನಲ್ಲಿ, ಆ ಬುಧವಾರದ ಸಾಲಿನಲ್ಲಿ, ಅದೇ ಜಾಗದ ಹೆಣಿಗೆಗಳು ನೀಲಿಯಾಗಿದ್ದವು.